ಅರ್ಧ ಮರೆತ ಭಾನುವಾರಗಳು

ನಲವತ್ತೈದು ದಾಟಿದ ನಾಲ್ಕು ಮಂದಿ ಹೊನ್ನಾಳಿಯ ಬಸ್ ನಿಲ್ದಾಣದ ಬಳಿಯೋ, ಚನ್ನಗಿರಿಯ ಯಾವುದಾದರೊಂದು ಮದುವೆಯ ಚಪ್ಪರದಲ್ಲೋ ಕೂತರೆ, ಮಂಡಕ್ಕಿ ಖಾಲಿಯಾಗಿ ಚಹಾ ಬರುವಷ್ಟರಲ್ಲಿ ಮಾತು ಹಳೆಯ ಟಿ.ವಿ.ಯ ಕಡೆ ಹೊರಳುವುದುಂಟು. "ಬೆನ್ ಮೇಲೆ ದೆವ್ವ ಹೊತ್ಕಂಡು ಹೋಗ್ತಿದ್ನಲ್ಲ ಒಬ್ಬ ರಾಜ, ಅದ್ಯಾವ್ದಲೇ?" ಎಂದು ಒಬ್ಬರು ಕೇಳುತ್ತಾರೆ. ಇನ್ನೊಬ್ಬರಿಗೆ ದೆವ್ವದ ಬಿಳಿ ಕೂದಲು ನೆನಪಿದೆ, ಹೆಸರು ನೆನಪಿಲ್ಲ. ಮೂರನೆಯವರು ರಾಗವನ್ನು ಗುನುಗುತ್ತಾರೆ, ಪದ ಬರುವುದಿಲ್ಲ. ನಾಲ್ಕನೆಯವರು "ಅದು ಕನ್ನಡದಾಗೇ ಬರ್ತಿತ್ತು" ಎಂದು ಆಣೆ ಮಾಡಿ ಹೇಳುತ್ತಾರೆ. ಅದು ಕನ್ನಡದಲ್ಲಿ ಬರುತ್ತಿರಲಿಲ್ಲ.

ಇಂಥ ಮಾತುಕತೆಯನ್ನು ವಯಸ್ಸಾದವರ ಹಳಹಳಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಇಡೀ ತಲೆಮಾರು ಒಂದೇ ಬಗೆಯಲ್ಲಿ ಮರೆತಿದ್ದರೆ, ಚಿತ್ರ ಉಳಿದು ಮಾತು ಹೋಗಿದ್ದರೆ, ಆ ಮರೆವಿಗೂ ಒಂದು ಚರಿತ್ರೆ ಇರಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಆ ಚರಿತ್ರೆ ಸ್ಪಷ್ಟವಾಗಿ ಕಾಣುತ್ತದೆ. ಟಿ.ವಿ. ಇಲ್ಲಿಗೆ ತಡವಾಗಿ ಬಂತು, ಮಸುಕಾಗಿ ಬಂತು. ಬಂದಾಗ ಅದು ಮಕ್ಕಳೊಂದಿಗೆ ಆಡಿದ್ದು ಅವರ ಮನೆಯ ಭಾಷೆಯನ್ನಲ್ಲ.

ಮೊದಲು ಬಂದದ್ದು ಕನ್ನಡವೇ

ಕನ್ನಡದ ಹಳ್ಳಿ ಮಕ್ಕಳಿಗಾಗಿ ಟಿ.ವಿ. ಕಾರ್ಯಕ್ರಮಗಳು ಆರಂಭವಾದದ್ದು ಬೆಂಗಳೂರಿಗೆ ಟಿ.ವಿ. ಕೇಂದ್ರ ಬರುವುದಕ್ಕೂ ಆರು ವರ್ಷ ಮೊದಲು ಎಂದರೆ ಇಂದು ಹಲವರು ನಂಬಲಿಕ್ಕಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ 'ಸೈಟ್' ಎಂಬ ಪ್ರಯೋಗವನ್ನು ನಡೆಸಿತು. ಅಮೆರಿಕದ ನಾಸಾ ಸಂಸ್ಥೆ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತ್ತು. ಇಸ್ರೋ ಮತ್ತು ಆಕಾಶವಾಣಿಯ ಟಿ.ವಿ. ವಿಭಾಗ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಾರ್ವಜನಿಕ ಟಿ.ವಿ. ಪೆಟ್ಟಿಗೆಗಳನ್ನು ಇರಿಸಿದವು. ಕೋಳಿಗೂಡಿಗೆ ಬಳಸುವಂಥ ತಂತಿ ಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಕೊಡೆಯಾಕಾರದ ಆಂಟೆನಾ ಉಪಗ್ರಹದಿಂದ ನೇರವಾಗಿ ಚಿತ್ರವನ್ನು ಹಿಡಿಯುತ್ತಿತ್ತು.

ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಪ್ರಯೋಗಕ್ಕೆ ಆಯ್ಕೆಯಾದವು. ಶಾಲೆಯ ದಿನಗಳಂದು ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆಂದೇ ಮೀಸಲಾಗಿತ್ತು. ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕಕ್ಕೂ ಸಮಪಾಲು, ತಲಾ ಇಪ್ಪತ್ತೆರಡೂವರೆ ನಿಮಿಷ. ಐದರಿಂದ ಹನ್ನೆರಡು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಪಾಠ, ಕಥೆ, ವಿಜ್ಞಾನದ ಆಟಗಳನ್ನು ತಯಾರಿಸಲಾಗುತ್ತಿತ್ತು. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದ ಕೇಂದ್ರ ಹೈದರಾಬಾದಿನಲ್ಲಿತ್ತು.

ವರ್ಷ ಮುಗಿಯಿತು, ಉಪಗ್ರಹ ತನ್ನ ಕಕ್ಷೆ ಬದಲಿಸಿ ಹೊರಟುಹೋಯಿತು. ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗದಲ್ಲಿ ಟಿ.ವಿ. ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. 1983ರಲ್ಲಿ ಭಾರತದ್ದೇ ಆದ ಇನ್ಸಾಟ್-1ಬಿ ಉಪಗ್ರಹ ಆಕಾಶಕ್ಕೇರಿದಾಗ 'ಸೈಟ್' ಕಲಿಸಿದ ಪಾಠ ಈಗ ದೊಡ್ಡದಾಗಿ ಫಲ ಕೊಡಬಹುದು ಎಂಬ ನಿರೀಕ್ಷೆ ಸಹಜವಾಗಿತ್ತು.

ಫಲ ಬಂತು, ಕನ್ನಡದ ಮಕ್ಕಳ ಪಾಲಿಗೆ ಬರಲಿಲ್ಲ. ಇನ್ಸಾಟ್ ಮೂಲಕ ಶಾಲಾ ಮಕ್ಕಳಿಗೆ ಶೈಕ್ಷಣಿಕ ಕಾರ್ಯಕ್ರಮ ನೀಡುವ ಯೋಜನೆಗೆ ಆಂಧ್ರಪ್ರದೇಶ, ಬಿಹಾರ, ಗುಜರಾತ್, ಮಹಾರಾಷ್ಟ್ರ, ಒರಿಸ್ಸಾ ಮತ್ತು ಉತ್ತರ ಪ್ರದೇಶ ಆಯ್ಕೆಯಾದವು. ಹಿಂದಿ, ಮರಾಠಿ, ಗುಜರಾತಿ, ಒರಿಯಾ, ತೆಲುಗಿನಲ್ಲಿ ಮಕ್ಕಳ ಕಾರ್ಯಕ್ರಮಗಳು ನಿಯತವಾಗಿ ತಯಾರಾದವು. 'ಸೈಟ್' ಕಾಲದಲ್ಲಿ ನಾಲ್ಕು ಭಾಷೆಗಳಲ್ಲಿ ಒಂದಾಗಿದ್ದ ಕನ್ನಡ ಈ ಪಟ್ಟಿಯಲ್ಲಿ ಇರಲಿಲ್ಲ. ಸರಿಯಾಗಿ ಅದೇ ವರ್ಷಗಳಲ್ಲಿ ಹೊನ್ನಾಳಿ, ಚನ್ನಗಿರಿಯ ಮನೆಗಳ ಮೇಲೆ ಆಂಟೆನಾಗಳು ಏಳತೊಡಗಿದ್ದವು.

ತರಂಗದ ಅಂಚಿನ ಊರುಗಳು

ಇಂದು ಈ ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಆಗ ಹಾಗಿರಲಿಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹೊನ್ನಾಳಿ ತಾಲ್ಲೂಕಿನ ಭಾಗವಾಗಿದ್ದ ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು 2018ರ ಸುಮಾರಿಗೆ. ಅಡಿಕೆ ತೋಟದ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಮಳೆಗಾಗಿ ಮುಗಿಲು ನೋಡುವ ಜಗಳೂರು, ಮೂರರ ಬದುಕೂ ಬೇರೆ ಬೇರೆ. ಟಿ.ವಿ.ಯ ವಿಷಯದಲ್ಲಿ ಮಾತ್ರ ಇವೆಲ್ಲಕ್ಕೂ ಒಂದೇ ಪಾಡು. ಎಲ್ಲವೂ ದೊಡ್ಡ ಊರುಗಳಿಂದ ಮೂವತ್ತು, ನಲವತ್ತು, ಐವತ್ತು ಕಿಲೋಮೀಟರು ದೂರ.

ಈ ದೂರಕ್ಕೆ ಅರ್ಥವಿದೆ. 1984ರಲ್ಲಿ ಕೇಂದ್ರ ಸರ್ಕಾರ ದೇಶದ ತುಂಬ ಟಿ.ವಿ. ಮರುಪ್ರಸಾರ ಕೇಂದ್ರಗಳನ್ನು ಭರದಿಂದ ಸ್ಥಾಪಿಸಿತು. ಕೆಲವು ತಿಂಗಳು ದಿನಕ್ಕೊಂದರಂತೆ ಕೇಂದ್ರಗಳು ತೆರೆದವು ಎಂದು ಆ ಕಾಲದ ಬಗ್ಗೆ ಹೇಳುವುದುಂಟು. ಇವುಗಳಲ್ಲಿ ಹೆಚ್ಚಿನವು 100 ವ್ಯಾಟ್ ಶಕ್ತಿಯ ಚಿಕ್ಕ ಕೇಂದ್ರಗಳು. ಸುತ್ತ ಸುಮಾರು 25 ಕಿಲೋಮೀಟರುವರೆಗೆ ಚೆನ್ನಾಗಿ ಕಾಣುವ ಚಿತ್ರ ಅದರಾಚೆ ತೆಳುವಾಗುತ್ತಿತ್ತು. ಗುಡ್ಡ ಅಡ್ಡ ಬಂದರಂತೂ ಮುಗಿಯಿತು. ಇವುಗಳ ಕೆಲಸ ಉಪಗ್ರಹದಿಂದ ಬಂದ ದೆಹಲಿಯ ಕಾರ್ಯಕ್ರಮವನ್ನು ಹಿಡಿದು ಸುತ್ತಲಿಗೆ ಹರಡುವುದು. ಬೆಂಗಳೂರಿನಲ್ಲಿ ತಯಾರಾದ ಕನ್ನಡ ಕಾರ್ಯಕ್ರಮ ರಾಜ್ಯದ ಮೂಲೆ ಮೂಲೆಗೂ ತಲುಪುವ ಏರ್ಪಾಡು ಆದದ್ದು ನಂತರ. ದೂರದ ದೆಹಲಿ ಮೊದಲು ಬಂತು, ಹತ್ತಿರದ ಬೆಂಗಳೂರು ಆಮೇಲೆ ಬಂತು.

ಅಂಚಿನಲ್ಲಿದ್ದ ಊರುಗಳ ಜನ ತಮ್ಮ ಉಪಾಯ ತಾವೇ ಕಂಡುಕೊಂಡರು. ಮೀನಿನ ಮುಳ್ಳಿನಾಕಾರದ ಅಲ್ಯೂಮಿನಿಯಂ ಆಂಟೆನಾವನ್ನು ಇಪ್ಪತ್ತು, ಮೂವತ್ತು ಅಡಿಯ ಕಬ್ಬಿಣದ ಪೈಪಿಗೋ, ಅಡಿಕೆ ದಬ್ಬೆಗೋ ಕಟ್ಟಿ ಹಂಚಿನ ಮೇಲೆ ಎತ್ತಿದರು, ತಂತಿಗೆ ಬೂಸ್ಟರ್ ಸೇರಿಸಿದರು. ಗಾಳಿ ಬಂದರೆ ಆಂಟೆನಾ ತಿರುಗುತ್ತಿತ್ತು. ಮನೆಯ ಹುಡುಗನೊಬ್ಬ ಮಾಳಿಗೆಯ ಮೇಲೆ ನಿಂತು ಪೈಪು ತಿರುಗಿಸುವುದು, ಕಿಟಕಿಯ ಬಳಿ ನಿಂತವನು "ಬಂತು, ಬಂತು, ಹೋಯ್ತು!" ಎಂದು ಕೂಗುವುದು ಭಾನುವಾರದ ನಿತ್ಯವಿಧಿಯಾಗಿತ್ತು. ಮಾಳಿಗೆಯ ಮೇಲಿದ್ದವನು ಕೆಳಗಿಳಿದು ಬರುವಷ್ಟರಲ್ಲಿ ಕಥೆಯ ಅರ್ಧ ಮುಗಿದಿರುತ್ತಿತ್ತು. ಉಳಿದರ್ಧವನ್ನು ತೆರೆಯ ಮೇಲೆ ಸುರಿಯುವ ಚುಕ್ಕೆಗಳ ನಡುವೆ ಊಹಿಸಿಕೊಳ್ಳಬೇಕಿತ್ತು. ಅಷ್ಟರಲ್ಲಿ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದರೂ ಪ್ರಸಾರ ನಿಂತು, ಅಡಚಣೆಗಾಗಿ ವಿಷಾದಿಸುತ್ತೇವೆ ಎಂಬ ಹಿಂದಿ ಫಲಕ ಬಂದು ಕೂರುತ್ತಿತ್ತು. ಹಲವು ಮಕ್ಕಳು ಓದಲು ಕಲಿತ ಮೊದಲ ಹಿಂದಿ ವಾಕ್ಯವೇ ಅದಾಗಿದ್ದರೆ ಆಶ್ಚರ್ಯವಿಲ್ಲ.

ಟಿ.ವಿ. ಯಾರ ಮನೆಯಲ್ಲಿತ್ತು ಎಂಬುದೂ ಮುಖ್ಯ. ಒಂದು ಕೇರಿಗೆ ಒಂದೋ ಎರಡೋ ಪೆಟ್ಟಿಗೆ ಇದ್ದ ಕಾಲ. ವರ್ತಕರ, ತೋಟದವರ, ಸರ್ಕಾರಿ ನೌಕರರ ಮನೆಯ ಪಡಸಾಲೆಯೇ ಕೇರಿಯ ಚಿತ್ರಮಂದಿರ. ಎಲ್ಲ ಮಕ್ಕಳೂ ಪಡಸಾಲೆಯ ಒಳಗೆ ಕೂರುತ್ತಿರಲಿಲ್ಲ. ಕೆಲವರಿಗೆ ಹೊಸ್ತಿಲು, ಕೆಲವರಿಗೆ ಕಟ್ಟೆ, ಕೆಲವರಿಗೆ ಕಿಟಕಿಯ ಸರಳು. ಒಳಗೆ ಚಾಪೆಯ ಮೇಲೆ ಕೂತು ಮಾತು ಕೇಳಿದವರ ನೆನಪೂ, ಕಿಟಕಿಯಾಚೆ ತುದಿಗಾಲಲ್ಲಿ ನಿಂತು ಚಿತ್ರ ಮಾತ್ರ ಕಂಡವರ ನೆನಪೂ ಒಂದೇ ಆಗಿರಲು ಸಾಧ್ಯವಿಲ್ಲ. ಜಾತಿ ಮತ್ತು ಬಡತನದ ಗೆರೆಗಳು ಯಾರ ಬಾಲ್ಯದ ನೆನಪು ಎಷ್ಟು ಮಸುಕು ಎಂಬುದನ್ನೂ ನಿರ್ಧರಿಸಿದವು.

ಗೊತ್ತಿದ್ದ ಕಥೆ, ಗೊತ್ತಿಲ್ಲದ ಭಾಷೆ

ಬೆನ್ನ ಮೇಲೆ ದೆವ್ವ ಹೊತ್ತ ರಾಜನ ಧಾರಾವಾಹಿ 'ವಿಕ್ರಮ್ ಔರ್ ಬೇತಾಳ್'. ರಮಾನಂದ ಸಾಗರ್ ಅವರ ಸಂಸ್ಥೆ ತಯಾರಿಸಿದ ಇದು 1985ರಲ್ಲಿ ದೂರದರ್ಶನದಲ್ಲಿ ಬಂತು. ವಿಕ್ರಮನಾಗಿ ಅರುಣ್ ಗೋವಿಲ್, ಬೇತಾಳನಾಗಿ ಸಜ್ಜನ್ ನಟಿಸಿದ್ದರು. ಸೋಮದೇವನ ಸಂಸ್ಕೃತ ಕಥೆಗಳು ಇದರ ಮೂಲ.

ಹಿಂದಿ ಬಾರದ ನ್ಯಾಮತಿಯ ಮಗುವಿಗೆ ಈ ಕಥೆ ಹೇಗೆ ತಿಳಿಯಿತು? ಉತ್ತರ ಊರಿನ ಗ್ರಂಥಾಲಯದಲ್ಲೂ ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯಲ್ಲೂ ಇತ್ತು. 1949ರಿಂದ ಕನ್ನಡದಲ್ಲಿ ಬರುತ್ತಿದ್ದ 'ಚಂದಮಾಮ'ದಲ್ಲಿ ಬೇತಾಳ ಕಥೆಗಳು ತಿಂಗಳು ತಿಂಗಳು ಅಚ್ಚಾಗುತ್ತಿದ್ದವು. ಕತ್ತಿ ಹಿಡಿದ ರಾಜ ಶವವನ್ನು ಹೆಗಲ ಮೇಲೆ ಹೊತ್ತು ನಡೆಯುವ ಚಿತ್ರವನ್ನು ಬರೆದ ಕಲಾವಿದ ಶಂಕರ್ 2020ರಲ್ಲಿ ತೀರಿಕೊಂಡರು. ಆ ಚಿತ್ರ ನೋಡಿದ್ದ ಮಗುವಿಗೆ ಟಿ.ವಿ.ಯಲ್ಲಿ ಬೇತಾಳ ಮರದಿಂದ ಇಳಿದೊಡನೆ ಮುಂದೇನಾಗುತ್ತದೆ ಎಂಬುದು ಗೊತ್ತು: ಕಥೆ, ಒಗಟಿನ ಪ್ರಶ್ನೆ, ರಾಜನ ಉತ್ತರ, ಬೇತಾಳ ಮತ್ತೆ ಮರಕ್ಕೆ. ನಡುವಿನ ಹಿಂದಿ ಸಂಭಾಷಣೆ ತಿಳಿಯದಿದ್ದರೂ ನಷ್ಟವಿರಲಿಲ್ಲ. ಅಜ್ಜಿಯೋ ಅಕ್ಕನೋ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕಥೆ ಹೇಳಿಬಿಡುತ್ತಿದ್ದರು. "ಅದು ಕನ್ನಡದಾಗೇ ಬರ್ತಿತ್ತು" ಎಂಬ ಆಣೆಯ ಗುಟ್ಟು ಇಲ್ಲಿದೆ. ಕನ್ನಡದಲ್ಲಿ ಮಾತನಾಡಿದ್ದು ಟಿ.ವಿ.ಯಲ್ಲ, ಪಕ್ಕದಲ್ಲಿ ಕೂತವರು.

ಇನ್ನೊಂದು ಗೊಂದಲವೂ ಇದೇ ಧಾರಾವಾಹಿಯಿಂದ ಹುಟ್ಟಿತು. 1987ರ ಜನವರಿ 25ರಂದು ಇದೇ ಸಾಗರ್ ಅವರ 'ರಾಮಾಯಣ' ಆರಂಭವಾದಾಗ ಅದೇ ಅರುಣ್ ಗೋವಿಲ್ ರಾಮನಾದರು. ವಿಕ್ರಮನ ಧಾರಾವಾಹಿಯಲ್ಲಿ ಕಂಡಿದ್ದ ಇತರ ಕೆಲವು ಮುಖಗಳೂ ರಾಮಾಯಣದಲ್ಲಿ ಮರಳಿ ಬಂದವು. ಬೇತಾಳನನ್ನು ಹೊತ್ತವನು ರಾಮನೇ ಎಂದು ಯಾರಾದರೂ ಇಂದಿಗೂ ವಾದಿಸಿದರೆ ಅದು ಪೂರ್ತಿ ತಪ್ಪೂ ಅಲ್ಲ.

ಹೀಗೆ ಮನೆಯಲ್ಲಿ ಮೊದಲೇ ಗೊತ್ತಿದ್ದ ಕಥೆಗಳು ನೆನಪಿನಲ್ಲಿ ಗಟ್ಟಿಯಾಗಿ ಕೂತವು. 'ಸಿಂಹಾಸನ್ ಬತ್ತೀಸಿ', 'ದಾದಾ ದಾದಿ ಕಿ ಕಹಾನಿಯಾಂ' ಈ ಗುಂಪಿನವು. 1990ರ 'ತೆನಾಲಿ ರಾಮ'ನೂ ಅಂಥವನೇ. ಕೃಷ್ಣದೇವರಾಯನ ಆಸ್ಥಾನದ ಈ ವಿಕಟಕವಿಯನ್ನು ಹಿಂದಿಯಲ್ಲಿ ತೆರೆಗೆ ತಂದವರು ಕನ್ನಡದ ನಿರ್ದೇಶಕ ಟಿ.ಎಸ್. ನಾಗಾಭರಣ. ಹಂಪಿಯಿಂದ ಜಗಳೂರು ಹೆಚ್ಚು ದೂರವಿಲ್ಲ. ಆದರೂ ಜಗಳೂರಿನ ಮಕ್ಕಳು ವಿಜಯನಗರದ ಅರಸನ ಮಾತನ್ನು ಹಿಂದಿಯಲ್ಲೇ ಕೇಳಬೇಕಾಯಿತು.

ಗೊತ್ತಿಲ್ಲದ ಕಥೆಗಳ ಗತಿ ಬೇರೆಯಾಯಿತು. ಹೊರದೇಶದ 'ಸ್ಪೈಡರ್‌ಮ್ಯಾನ್', 'ಹಿ-ಮ್ಯಾನ್', ಜಪಾನಿನ ದೈತ್ಯ ಯಂತ್ರಮಾನವನ ಸಾಹಸಗಳು ಚೂರುಚೂರಾಗಿ ಉಳಿದವು. ಒಂದು ಕತ್ತಿ, ಒಂದು ಹಸಿರು ಹುಲಿ, ಆಕಾಶಕ್ಕೆ ಏರುವ ಒಂದು ಕಬ್ಬಿಣದ ಮೈ. 1990ರ ದಶಕದಲ್ಲಿ ಬಂದ 'ಜಂಗಲ್ ಬುಕ್' ಅನ್ನು ಡಿಸ್ನಿಯವರದ್ದೆಂದು ನೆನೆಯುವವರು ಬಹಳ. ನಿಜಕ್ಕೂ ಅದು 1989ರಲ್ಲಿ ಜಪಾನಿನಲ್ಲಿ ತಯಾರಾದ 52 ಕಂತುಗಳ ಚಿತ್ರಮಾಲೆ. ಹಿಂದಿಯಲ್ಲಿ ಅದರ ಹಾಡು ಬರೆದವರು ಗುಲ್ಜಾರ್, ರಾಗ ಹಾಕಿದವರು ವಿಶಾಲ್ ಭಾರದ್ವಾಜ್. ಅದೇ ದಶಕದಲ್ಲಿ ಡಿಸ್ನಿಯ 'ಡಕ್ ಟೇಲ್ಸ್' ಕೂಡ ದೂರದರ್ಶನದಲ್ಲಿ ಬಂದದ್ದರಿಂದ ಎರಡೂ ನೆನಪಿನಲ್ಲಿ ಒಂದೇ ಕಪಾಟು ಸೇರಿವೆ.

ಒಂದು ಜಿಲ್ಲೆಯ ಎರಡು ತುದಿ

ಈ ಕಥೆಯಲ್ಲಿ 'ಮಾಲ್ಗುಡಿ ಡೇಸ್'ನ ಸ್ಥಾನ ವಿಶೇಷ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ 39 ಕಂತುಗಳಲ್ಲಿ ನಿರ್ದೇಶಿಸಿದರು. 1980ರ ದಶಕದ ಉತ್ತರಾರ್ಧದಲ್ಲಿ ಅದು ದೂರದರ್ಶನದಲ್ಲಿ ಪ್ರಸಾರವಾಯಿತು. ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರ, ಎಲ್. ವೈದ್ಯನಾಥನ್ ಅವರ ಸಂಗೀತ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಚಿತ್ರೀಕರಣದ ಬಹುಭಾಗ ನಡೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ.

ತೀರ್ಥಹಳ್ಳಿ, ಹೊನ್ನಾಳಿ, ಚನ್ನಗಿರಿ ಮೂರೂ ಆಗ ಶಿವಮೊಗ್ಗ ಜಿಲ್ಲೆ. ಜಿಲ್ಲೆಯ ಒಂದು ತುದಿಯಲ್ಲಿ ತೆಗೆದ ಚಿತ್ರ ದೆಹಲಿಗೆ ಹೋಗಿ, ಉಪಗ್ರಹಕ್ಕೆ ಏರಿ, ಅದೇ ಜಿಲ್ಲೆಯ ಇನ್ನೊಂದು ತುದಿಗೆ ಹಿಂದಿಯಲ್ಲಿ ಇಳಿಯುತ್ತಿತ್ತು. ಹಂಚಿನ ಮನೆ, ಜಗುಲಿ, ಮಳೆ, ಸ್ಲೇಟು ಹಿಡಿದು ಶಾಲೆಗೆ ಹೋಗುವ ಹುಡುಗರು, ಬೆತ್ತ ಹಿಡಿದ ಮೇಷ್ಟ್ರು ಎಲ್ಲವೂ ನಮ್ಮವೇ. ನಟರು ಕನ್ನಡ ಸಿನಿಮಾಗಳಲ್ಲಿ ಕಂಡವರೇ. ಬಾಯಿ ತೆರೆದರೆ ಮಾತ್ರ ಪರಭಾಷೆ. ಆ ಕಾರಣಕ್ಕೇ ಇರಬೇಕು, ಇದನ್ನು ಕನ್ನಡ ಧಾರಾವಾಹಿ ಎಂದು ನೆನೆಯುವವರಿಗೆ ಲೆಕ್ಕವಿಲ್ಲ. ಕಣ್ಣು ಕಂಡದ್ದು ಕನ್ನಡವಾದ್ದರಿಂದ ಕಿವಿಯ ನೆನಪನ್ನು ಮನಸ್ಸು ತಿದ್ದಿಕೊಂಡಿದೆ.

ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಬಳಿ ಕಾರು ಅಪಘಾತದಲ್ಲಿ ಮೃತಪಟ್ಟರು. ಜಗಳೂರು, ಚನ್ನಗಿರಿಯ ಆಗಿನ ಮಕ್ಕಳಿಗೆ ಆ ಸಾವು ಪಕ್ಕದೂರಿನಲ್ಲೇ ನಡೆದದ್ದು. ಇತರ ಕಾರ್ಯಕ್ರಮಗಳು ಎಷ್ಟೇ ಮಸುಕಾದರೂ ಮಾಲ್ಗುಡಿ ಈ ಭಾಗದವರ ನೆನಪಿನಲ್ಲಿ ಮಸುಕಾಗದೆ ಉಳಿಯಲು ಈ ದುಃಖವೂ ಒಂದು ಕಾರಣ.

ಕನ್ನಡಕ್ಕೆ ದಕ್ಕಿದ್ದೆಷ್ಟು?

ಬೆಂಗಳೂರು ದೂರದರ್ಶನ ಮಕ್ಕಳನ್ನು ಮರೆತಿರಲಿಲ್ಲ. ಶಾಲಾ ಮಕ್ಕಳನ್ನು ಕರೆಸಿ ಹಾಡು, ಕುಣಿತ, ಪುಟ್ಟ ನಾಟಕ, ಗೊಂಬೆಯಾಟ, ಕಥೆ ಹೇಳುವ ಕಾರ್ಯಕ್ರಮಗಳನ್ನು ಅದು ಮಾಡಿತು. ಆದರೆ ಕನ್ನಡಕ್ಕೆ ದಕ್ಕುತ್ತಿದ್ದದ್ದು ಸಂಜೆಯ ಸ್ವಲ್ಪ ಹೊತ್ತು. ಅದರಲ್ಲೇ ವಾರ್ತೆ, ಕೃಷಿ, ನಾಟಕ, ಚಿತ್ರಗೀತೆ ಎಲ್ಲವೂ ಸೇರಬೇಕು. ರಾತ್ರಿಯಾದರೆ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ. ಮಕ್ಕಳ ಪಾಲು ಚಿಕ್ಕದಾಗಿದ್ದುದರಿಂದ ಅವರು ದೊಡ್ಡವರ ಕಾರ್ಯಕ್ರಮಗಳನ್ನೇ ತಮ್ಮದಾಗಿಸಿಕೊಂಡರು. 'ಸಿಹಿ ಕಹಿ'ಯ ನಗು, 'ಕ್ರೇಜಿ ಕರ್ನಲ್'ನ ಪೇಚಾಟ ಮಕ್ಕಳಿಗೂ ಪ್ರಿಯವಾದವು. 1990ರ ಆಸುಪಾಸಿನಲ್ಲಿ ಸದಾನಂದ ಸುವರ್ಣ ನಿರ್ದೇಶಿಸಿದ 'ಗುಡ್ಡದ ಭೂತ' ಮಕ್ಕಳಿಗಾಗಿ ಮಾಡಿದ್ದಲ್ಲ. ಆದರೂ ಅದನ್ನು ಕಂಬಳಿಯೊಳಗಿನಿಂದ ಇಣುಕಿ ನೋಡಿ, ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ ಮಕ್ಕಳು ಮನೆಮನೆಯಲ್ಲಿದ್ದರು. ಇಂದು ಆ ತಲೆಮಾರಿನವರನ್ನು ಬಾಲ್ಯದ ಟಿ.ವಿ. ಬಗ್ಗೆ ಕೇಳಿದರೆ ಕನ್ನಡದಲ್ಲಿ ಮೊದಲು ಬರುವ ಹೆಸರು ಬಹಳ ಸಲ ಇದೇ. ಕಥೆ ಕನ್ನಡದಲ್ಲಿದ್ದುದರಿಂದ ಅದು ಆರಂಭದಿಂದ ಕೊನೆಯವರೆಗೆ ನೆನಪಿದೆ ಎಂಬುದನ್ನು ಗಮನಿಸಬೇಕು.

ಹೊರಗಿನ ಕಾರ್ಯಕ್ರಮಗಳು ಕನ್ನಡಕ್ಕೆ ಬರಬಹುದಾಗಿದ್ದ ಇನ್ನೊಂದು ದಾರಿ ಡಬ್ಬಿಂಗ್. ಆ ದಾರಿ ಮುಚ್ಚಿತ್ತು. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಪರಭಾಷಾ ಚಿತ್ರಗಳ ನೆರಳಿನಲ್ಲಿ ನಲುಗುತ್ತಿದ್ದಾಗ ಡಬ್ಬಿಂಗ್ ವಿರುದ್ಧ ದೊಡ್ಡ ಚಳವಳಿ ನಡೆಯಿತು. ಕಾನೂನು ಇರಲಿಲ್ಲ, ಅಲಿಖಿತ ನಿಷೇಧವಿತ್ತು. ಕನ್ನಡದ ಕಲಾವಿದರು, ತಂತ್ರಜ್ಞರ ಅನ್ನ ಉಳಿಯಬೇಕು, ಕನ್ನಡದಲ್ಲೇ ಹೊಸದು ಹುಟ್ಟಬೇಕು ಎಂಬುದು ಅದರ ಹಿಂದಿನ ವಾದ. ಆ ವಾದಕ್ಕೆ ಬಲವಿತ್ತು, ಕನ್ನಡ ಚಿತ್ರರಂಗ ಬೆಳೆದದ್ದೂ ನಿಜ. ಆದರೆ ಮಕ್ಕಳ ಕಾರ್ಯಕ್ರಮಗಳ ವಿಷಯದಲ್ಲಿ ಲೆಕ್ಕ ಬೇರೆಯಾಯಿತು. ಹೊರಗಿನದು ಕನ್ನಡಕ್ಕೆ ಬರಲಿಲ್ಲ, ಅದರ ಜಾಗದಲ್ಲಿ ಕನ್ನಡದಲ್ಲಿ ಹೊಸದೂ ಸಾಕಷ್ಟು ಹುಟ್ಟಲಿಲ್ಲ. ಮಗು ಹಿಂದಿಯಲ್ಲೇ ನೋಡಿತು. 1997ರಿಂದ 2005ರವರೆಗೆ ಬಂದ 'ಶಕ್ತಿಮಾನ್' ಕಾಲಕ್ಕೆ ಹೊನ್ನಾಳಿಯ ಮಕ್ಕಳು ಅಂಗಳದಲ್ಲಿ ಗಿರಗಿರನೆ ತಿರುಗುತ್ತ ಹಿಂದಿ ಸಂಭಾಷಣೆ ಒಪ್ಪಿಸುವಷ್ಟು ಪಳಗಿದ್ದರು. ಕಾರ್ಟೂನ್ ವಾಹಿನಿಗಳು ತಮಿಳು, ತೆಲುಗಿನಲ್ಲಿ ಮಾತನಾಡತೊಡಗಿದ ಮೇಲೂ ಕನ್ನಡದ ಮಕ್ಕಳು ಕಾದರು. ಕನ್ನಡದಲ್ಲಿ ಮಕ್ಕಳಿಗೆಂದೇ 'ಚಿಂಟು ಟಿ.ವಿ.' ಬಂದದ್ದು 2009ರಲ್ಲಿ. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ ಆದೇಶ ನೀಡಿದ್ದು 2015ರ ಜುಲೈನಲ್ಲಿ. ಅಷ್ಟರಲ್ಲಿ ಬೇತಾಳನನ್ನು ನೋಡಿದ್ದ ಮಕ್ಕಳ ಮಕ್ಕಳೇ ಟಿ.ವಿ. ಮುಂದೆ ಕೂತಿದ್ದರು.

ಮನಸ್ಸು ಮಾಡುವ ರಿಪೇರಿ

ನೆನಪು ಏಕೆ ಹೀಗೆ ಕಥೆಯನ್ನು ತಿದ್ದಿಕೊಳ್ಳುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಉತ್ತರವಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಪ್ರಯೋಗವನ್ನು ವಿವರಿಸಿದ್ದಾರೆ. ಅಮೆರಿಕದ ಮೂಲನಿವಾಸಿಗಳ ಒಂದು ಜಾನಪದ ಕಥೆಯನ್ನು ಅವರು ಇಂಗ್ಲಿಷರಿಗೆ ಓದಲು ಕೊಟ್ಟು, ಕೆಲವು ದಿನ, ಕೆಲವು ತಿಂಗಳುಗಳ ನಂತರ ಮತ್ತೆ ಹೇಳಿಸಿದರು. ಓದಿದವರು ತಮಗೆ ಅಪರಿಚಿತವಾದ ಭಾಗಗಳನ್ನು ಬಿಟ್ಟುಬಿಟ್ಟಿದ್ದರು. ದೋಣಿಯಂಥ ಮಾತುಗಳು ತಮಗೆ ಪರಿಚಿತವಾದ ಹೆಸರಿಗೆ ತಿರುಗಿದ್ದವು. ಕಥೆ ಪ್ರತಿ ಸಲವೂ ಸ್ವಲ್ಪ ಹೆಚ್ಚು ಇಂಗ್ಲಿಷ್ ಆಗುತ್ತ ಹೋಯಿತು.

ನೆನಪು ಕಪಾಟಿನಲ್ಲಿಟ್ಟ ಫೋಟೊ ಇದ್ದಂತಲ್ಲ. ನೆನೆದಾಗಲೆಲ್ಲ ಮನಸ್ಸು ಉಳಿದ ಚೂರುಗಳನ್ನು ಸೇರಿಸಿ ಹೊಸದಾಗಿ ಕಟ್ಟುತ್ತದೆ, ಬಿಟ್ಟುಹೋದ ಜಾಗಕ್ಕೆ ತನಗೆ ಗೊತ್ತಿದ್ದದ್ದನ್ನು ತುಂಬುತ್ತದೆ. ಬಾರ್ಟ್ಲೆಟ್ ಕಂಡದ್ದೇ ಹೊನ್ನಾಳಿಯ ಹರಟೆಯಲ್ಲೂ ನಡೆಯುತ್ತದೆ. ಚುಕ್ಕೆಗಳ ನಡುವೆ ಕಂಡ, ಭಾಷೆ ತಿಳಿಯದ ಕಥೆಗೆ ಮಗು ಕನ್ನಡದ ಮಾತು ತುಂಬಿತು. ನಲವತ್ತು ವರ್ಷಗಳ ನಂತರ ಆ ತುಂಬಿದ ಮಾತೇ ಮೂಲ ಎಂದು ತೋರುತ್ತದೆ. ರಾಗ ಉಳಿದು ಪದ ಹೋಗುವುದಕ್ಕೂ ಇದೇ ಕಾರಣ. ಅರ್ಥವಾಗದ ಪದಕ್ಕೆ ಮನಸ್ಸಿನಲ್ಲಿ ಹಿಡಿದು ನಿಲ್ಲಲು ಗೂಟವಿರುವುದಿಲ್ಲ, ರಾಗಕ್ಕೆ ಭಾಷೆ ಬೇಕಿಲ್ಲ.

ಉಳಿದದ್ದು, ಅಳಿದದ್ದು

ಅರ್ಧ ನೆನಪಿನವರಿಗೆ ಇತ್ತೀಚೆಗೆ ಒಂದು ಅನುಕೂಲವಾಗಿದೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ದೂರದರ್ಶನ 'ರಾಮಾಯಣ', 'ಮಹಾಭಾರತ', 'ಶಕ್ತಿಮಾನ್' ಮೊದಲಾದವನ್ನು ಮರುಪ್ರಸಾರ ಮಾಡಿತು. ಏಪ್ರಿಲ್‌ನಲ್ಲಿ ಹಳೆಯ ಕಾರ್ಯಕ್ರಮಗಳಿಗೆಂದೇ 'ಡಿಡಿ ರೆಟ್ರೊ' ವಾಹಿನಿ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ 'ಮಾಲ್ಗುಡಿ ಡೇಸ್' ಕನ್ನಡಕ್ಕೆ ಡಬ್ ಆಗಿ ಜೀ ಕನ್ನಡ ವಾಹಿನಿಯಲ್ಲಿ ಪ್ರಸಾರವಾಯಿತು. ಸ್ವಾಮಿ ತನ್ನ ನೆಲದ ಭಾಷೆಯಲ್ಲಿ ಮಾತನಾಡಲು ಮೂರು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಮಾಲ್ಗುಡಿ ರೈಲು ನಿಲ್ದಾಣವಾಗಿ ಕಾಣಿಸಿಕೊಂಡಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು.

ಅಂದರೆ ಹಿಂದಿಯಲ್ಲಿ ಬಂದ, ದೇಶವೆಲ್ಲ ನೋಡಿದ ಧಾರಾವಾಹಿಗಳು ಮರಳಿ ಬಂದಿವೆ. ಮರಳದೆ ಉಳಿದದ್ದು ಕನ್ನಡದ ಆ ಪುಟ್ಟ ಕಾರ್ಯಕ್ರಮಗಳು. ಒಂದು ಸಂಜೆ ಬಂದು ಹೋದ ಶಾಲಾ ಮಕ್ಕಳ ನಾಟಕ, ಒಂದು ಗೊಂಬೆಯಾಟ, ಒಬ್ಬರು ಅಜ್ಜನ ವೇಷದಲ್ಲಿ ಕೂತು ಹೇಳಿದ ಕಥೆ. ವಿಡಿಯೊ ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಮ್ಮೆ ಪ್ರಸಾರವಾದದ್ದನ್ನು ಅಳಿಸಿ ಅದರ ಮೇಲೆ ಹೊಸದನ್ನು ತುಂಬುವುದು ಜಗತ್ತಿನ ಟಿ.ವಿ. ಕೇಂದ್ರಗಳಲ್ಲೆಲ್ಲ ನಡೆಯುತ್ತಿತ್ತು. ಬ್ರಿಟನ್ನಿನ ಬಿಬಿಸಿಯೇ ತನ್ನ ಜನಪ್ರಿಯ 'ಡಾಕ್ಟರ್ ಹೂ' ಧಾರಾವಾಹಿಯ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳನ್ನು ಹೀಗೆ ಕಳೆದುಕೊಂಡಿತು. ಅಲ್ಲಿ ಮುಂದೆ ನಡೆದದ್ದು ಸ್ವಾರಸ್ಯಕರ. ಆಗ ಮಕ್ಕಳಾಗಿದ್ದ ಕೆಲವರು ಟಿ.ವಿ. ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿಟ್ಟುಕೊಂಡಿದ್ದರು. ಅವರ ದಯೆಯಿಂದ ಕಳೆದುಹೋದ ಕಂತುಗಳೆಲ್ಲದರ ಧ್ವನಿಯಾದರೂ ಇಂದು ಉಳಿದಿದೆ. ಸಂಸ್ಥೆ ಅಳಿಸಿದ್ದನ್ನು ನೋಡುಗರು ಉಳಿಸಿದರು.

ಕನ್ನಡದಲ್ಲಿ ಹಾಗೆ ಹಿಡಿದಿಟ್ಟವರು ಇದ್ದರೆ ಅವರ ಕ್ಯಾಸೆಟ್ಟುಗಳು ಈಗ ಅಟ್ಟದ ಮೇಲೆ ಬೂಸ್ಟು ಹಿಡಿಯುತ್ತಿರಬೇಕು. ಟೇಪಿನ ಆಯುಸ್ಸು ಮನುಷ್ಯನ ಆಯುಸ್ಸಿಗಿಂತ ಕಡಿಮೆ. ಕ್ಯಾಸೆಟ್ಟೂ ಇಲ್ಲದ ಕಡೆ ಉಳಿದಿರುವ ದಾಖಲೆ ಒಂದೇ, ಆ ಕಾಲದ ಮಕ್ಕಳ ನೆನಪು. ಅದು ಅರ್ಧವಾದರೂ ಬೆಲೆಯುಳ್ಳದ್ದು. ಒಬ್ಬರಿಗೆ ಗೊಂಬೆಯ ಕೆಂಪು ಟೋಪಿ ನೆನಪಿರುತ್ತದೆ, ಇನ್ನೊಬ್ಬರಿಗೆ ವಾರ, ಮತ್ತೊಬ್ಬರಿಗೆ ಅದರಲ್ಲಿ ಹಾಡಿದ ಪಕ್ಕದ ಊರಿನ ಶಾಲೆ. ನಾಲ್ಕು ಅರ್ಧ ನೆನಪುಗಳನ್ನು ಕೂಡಿಸಿ, ಹಳೆಯ ದಿನಪತ್ರಿಕೆಗಳ 'ಇಂದಿನ ದೂರದರ್ಶನ' ಕಾಲಮ್ಮಿನೊಡನೆ ಹೋಲಿಸಿದರೆ ಕಾರ್ಯಕ್ರಮದ ಹೆಸರು, ದಿನ, ಹೊತ್ತು ಸಿಗುತ್ತದೆ. ತಾಲ್ಲೂಕಿನ ಪ್ರೌಢಶಾಲೆಯ ಮಕ್ಕಳು ರಜೆಯಲ್ಲಿ ಮಾಡಬಹುದಾದ ಕೆಲಸ ಇದು. ಅಪ್ಪ, ಅಮ್ಮ, ಸೋದರಮಾವನ ಮುಂದೆ ಒಂದು ನೋಟ್‌ಬುಕ್ ಹಿಡಿದು ಕೂತರೆ ಸಾಕು. ಹಾಗೆ ಬರೆಯುವಾಗ ಯಾವುದು ನಿಜಕ್ಕೂ ನೋಡಿದ್ದು, ಯಾವುದು ಬೇರೆಯವರು ಹೇಳಿದ್ದು, ಎಲ್ಲಿ ಕೂತು ನೋಡಿದ್ದು ಎಂಬುದನ್ನೂ ಕೇಳಿ ಬರೆದಿಡಬೇಕು. ಪಡಸಾಲೆಯಿಂದಲೋ, ಕಿಟಕಿಯಿಂದಲೋ ಎಂಬುದು ಕಾರ್ಯಕ್ರಮದ ಹೆಸರಿನಷ್ಟೇ ಮುಖ್ಯವಾದ ಚರಿತ್ರೆ.

2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಶಿಕ್ಷಣ ಇಲಾಖೆಯ 'ಸಂವೇದ' ಪಾಠಗಳು ದೂರದರ್ಶನದ ಚಂದನ ವಾಹಿನಿಯಲ್ಲಿ ಬಂದವು. ಜಗಳೂರಿನ ಹಳ್ಳಿಯ ಮಗು ಟಿ.ವಿ. ಮುಂದೆ ಕೂತು ಕನ್ನಡದಲ್ಲಿ ಪಾಠ ಕೇಳಿತು. 1975ರಲ್ಲಿ ರಾಯಚೂರಿನ ಹಳ್ಳಿಯೊಂದರ ಮಗು ತಂತಿ ಬಲೆಯ ಕೊಡೆಯ ಕೆಳಗೆ ಕೂತು ಕೇಳಿದ್ದೂ ಕನ್ನಡವನ್ನೇ. ಈ ಎರಡು ಮಕ್ಕಳ ನಡುವೆ ನಲವತ್ತೈದು ವರ್ಷ ಹಿಂದಿ ಬೇತಾಳನಿಗೆ ತಾವೇ ಕನ್ನಡ ಕಲಿಸಿಕೊಂಡ ಮಕ್ಕಳಿದ್ದಾರೆ. ಮುಂದಿನ ಸಲ ಅವರಲ್ಲೊಬ್ಬರು ಚಹಾ ಹೀರುತ್ತ "ಅದ್ಯಾವ್ದಲೇ ಅದು?" ಎಂದು ಕೇಳಿದಾಗ ಪಕ್ಕದಲ್ಲಿ ಕೂತ ಮಗ ಅಥವಾ ಮಗಳು ಮೊಬೈಲು ಕೆಳಗಿಟ್ಟು, "ಅಪ್ಪಾ, ಮೊದ್ಲಿಂದ ಹೇಳು, ಬರ್ಕೋತೀನಿ" ಎಂದರೆ ಆ ಭಾನುವಾರಗಳು ಪೂರ್ತಿ ಮರೆತುಹೋಗಲಾರವು.